ಬ್ಯೂಸಿಂಗೆನ್: ಸ್ವಿಟ್ಜರ್ಲೆಂಡಿನ ಮಧ್ಯೆ ಸಿಕ್ಕಿಕೊಂಡ ಜರ್ಮನ್ ಹಳ್ಳಿ – ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಟ್ಜರ್ಲೆಂಡಿನ ಉತ್ತರ ತುದಿಯಲ್ಲಿ ಶಾಫ್‌ಹೌಸೆನ್ ಅಂತ ಒಂದು ನಗರ ಇದೆ. ಭೂಪಟದಲ್ಲಿ ಅದರ ಪಕ್ಕದಲ್ಲೇ, ರೈನ್ ನದಿಗೆ ಅಂಟಿಕೊಂಡಂತೆ ಒಂದು ಪುಟ್ಟ ತುಂಡು ಕಾಣುತ್ತದೆ. ಸುತ್ತ ಎಲ್ಲ ಕಡೆ ಸ್ವಿಟ್ಜರ್ಲೆಂಡ್, ಒಳಗೆ ಮಾತ್ರ ಜರ್ಮನಿ. ಅದೇ ಬ್ಯೂಸಿಂಗೆನ್. ಗಡಿನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಇಂಥ ಊರುಗಳ ಕಥೆ ಎಂದರೆ ಮೊದಲಿನಿಂದಲೂ ಒಂದು ಸೆಳೆತ. ಊರಿನ ಜನರ ಮನಸ್ಸು ಒಂದು ಕಡೆ, ಗೆರೆ ಎಳೆದವರ ಲೆಕ್ಕ ಇನ್ನೊಂದು ಕಡೆ. ಈ ಹಳ್ಳಿಯ ಹೆಸರು ಹೇಳಿದ ಕೂಡಲೇ ಗೆಳೆಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಊರು ಎಷ್ಟು ದೊಡ್ಡದು? ಯಾರ ಆಡಳಿತಕ್ಕೆ ಸೇರಿದೆ?

ಚಿಕ್ಕದು. ವಿಸ್ತೀರ್ಣ 7.62 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 1,500. ಜರ್ಮನಿಯ ಬಾಡನ್-ವ್ಯೂರ್ಟೆಂಬೆರ್ಗ್ ರಾಜ್ಯದ ಕೊನ್‌ಸ್ಟಾಂಜ್ ಜಿಲ್ಲೆಗೆ ಸೇರಿದ ಗ್ರಾಮ ಇದು. ಪೂರ್ತಿ ಹೆಸರು 'ಬ್ಯೂಸಿಂಗೆನ್ ಆಮ್ ಹೋಖ್‌ರೈನ್', ಅಂದರೆ ಮೇಲಣ ರೈನ್ ದಡದ ಬ್ಯೂಸಿಂಗೆನ್. ಊರು ನದಿಯ ಉತ್ತರ ದಡದಲ್ಲಿದೆ. ಸುತ್ತ ಮೂರು ಸ್ವಿಸ್ ಕ್ಯಾಂಟನ್‌ಗಳಿವೆ: ಶಾಫ್‌ಹೌಸೆನ್, ಜ್ಯೂರಿಖ್, ಟುರ್ಗಾವ್. ಕ್ಯಾಂಟನ್ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ.

ಉಳಿದ ಜರ್ಮನಿ ಎಷ್ಟು ದೂರ?

ಕೇಳಿದರೆ ನಂಬುವುದಿಲ್ಲ. ತೀರಾ ಕಿರಿದಾದ ಜಾಗದಲ್ಲಿ ಸುಮಾರು 700 ಮೀಟರ್, ಅಷ್ಟೇ. ಹತ್ತು ನಿಮಿಷದ ನಡಿಗೆ. ಆ 700 ಮೀಟರ್ ನೆಲ ಡೋರ್ಫ್ಲಿಂಗೆನ್ ಎಂಬ ಸ್ವಿಸ್ ಹಳ್ಳಿಯದು. ಆ ಸಣ್ಣ ಪಟ್ಟಿಯೇ ಈ ಊರಿನ ಇಡೀ ಹಣೆಬರಹವನ್ನು ಬರೆಯಿತು.

ಇಂಥ ವಿಚಿತ್ರ ಗಡಿ ಹುಟ್ಟಿದ್ದು ಹೇಗೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಒಂದು ಮನೆಜಗಳದಲ್ಲಿದೆ. ಸ್ವಲ್ಪ ಉದ್ದದ ಕಥೆ, ಸಮಾಧಾನದಿಂದ ಓದಿ.

ಬ್ಯೂಸಿಂಗೆನ್ ಮೇಲಿನ ದೊಡ್ಡ ಅಧಿಕಾರ ಹಿಂದೆ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ರಾಜಮನೆತನದ ಕೈಯಲ್ಲಿತ್ತು. ದಿನನಿತ್ಯದ ಆಡಳಿತ ಮಾತ್ರ 16ನೇ ಶತಮಾನದಿಂದ 'ಇಮ್ ಟುರ್ನ್' ಎಂಬ ಮನೆತನಕ್ಕೆ ಸೇರಿತ್ತು. ಇವರು ಶಾಫ್‌ಹೌಸೆನ್ ನಗರದ ಶ್ರೀಮಂತರು. ನಮ್ಮ ಹಳೆಯ ಪಾಳೆಯಗಾರರನ್ನೋ ಜಹಗೀರುದಾರರನ್ನೋ ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಹಾಗೆ. ಅಷ್ಟು ಹೊತ್ತಿಗೆ ಶಾಫ್‌ಹೌಸೆನ್ ಪ್ರಾಟೆಸ್ಟಂಟ್ ಮತಕ್ಕೆ ಬದಲಾಗಿತ್ತು. ಬ್ಯೂಸಿಂಗೆನ್ ಕೂಡ ಅದರ ಜೊತೆಗೇ ಹೋಯಿತು. ಆದರೆ ಮೇಲೆ ಕೂತ ಆಸ್ಟ್ರಿಯಾ ಕಟ್ಟಾ ಕ್ಯಾಥೊಲಿಕ್. ಕಿಡಿ ಬೀಳಲು ಇನ್ನೇನು ಬೇಕು?

17ನೇ ಶತಮಾನದ ಕೊನೆಯಲ್ಲಿ ಊರಿನ ಒಡೆಯನಾಗಿದ್ದವನು ಎಬರ್‌ಹಾರ್ಡ್ ಇಮ್ ಟುರ್ನ್. ಇವನಿಗೂ ಇವನ ನೆಂಟರಿಗೂ ಸರಿಬರುತ್ತಿರಲಿಲ್ಲ. ಇವನು ಒಳಗೊಳಗೇ ಕ್ಯಾಥೊಲಿಕ್ ಕಡೆಗೆ ವಾಲುತ್ತಿದ್ದಾನೆ ಎಂಬ ಅನುಮಾನ ಬೇರೆ. 1693ರ ಏಪ್ರಿಲ್ 10ರಂದು ಅವನ ಸಂಬಂಧಿಕರೇ ಅವನನ್ನು ಬ್ಯೂಸಿಂಗೆನ್‌ನಿಂದ ಅಪಹರಿಸಿ ಶಾಫ್‌ಹೌಸೆನ್‌ಗೆ ಎಳೆದೊಯ್ದರು. ಅಲ್ಲಿ ವಿಚಾರಣೆ ನಡೆದು ಜೀವಾವಧಿ ಶಿಕ್ಷೆಯೂ ಆಯಿತು.

ಶಾಫ್‌ಹೌಸೆನ್‌ನವರಿಗೆ ಇದು ತಮ್ಮ ಮನೆಯ ವಿಷಯ. ಆಸ್ಟ್ರಿಯಾಗೆ ಹಾಗಲ್ಲ. ತನ್ನ ನೆಲದಿಂದ, ತನ್ನ ಅಧೀನದ ಒಡೆಯನನ್ನು ಹೊತ್ತೊಯ್ದಿದ್ದಾರೆ! ಬಿಟ್ಟುಬಿಡಿ ಎಂದು ಆಸ್ಟ್ರಿಯಾ ಮತ್ತೆ ಮತ್ತೆ ಕೇಳಿತು. ಶಾಫ್‌ಹೌಸೆನ್ ಜಗ್ಗಲಿಲ್ಲ. ಬೆದರಿಕೆ ಜೋರಾದ ಮೇಲೆ, 1699ರಲ್ಲಿ, ಅಂದರೆ ಆರು ವರ್ಷ ಸೆರೆಯಲ್ಲಿ ಕಳೆದ ನಂತರ, ಎಬರ್‌ಹಾರ್ಡ್ ಹೊರಗೆ ಬಂದ.

ಮನುಷ್ಯ ಬಿಡುಗಡೆಯಾದ, ಸಿಟ್ಟು ಮಾತ್ರ ಆರಲಿಲ್ಲ. ಮುಂದೆ 1770ರಲ್ಲಿ ಆಸ್ಟ್ರಿಯಾ ಅಕ್ಕಪಕ್ಕದ ರಾಮ್‌ಸೆನ್ ಮತ್ತು ಡೋರ್ಫ್ಲಿಂಗೆನ್ ಹಳ್ಳಿಗಳ ಹಕ್ಕನ್ನು ಜ್ಯೂರಿಖ್‌ಗೆ ಮಾರಿತು. ಬ್ಯೂಸಿಂಗೆನ್ ಒಂದನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಂಡಿತು. ಶಾಫ್‌ಹೌಸೆನ್‌ನವರ ಕಣ್ಣಿಗೆ ಸದಾ ಚುಚ್ಚುತ್ತಿರಲಿ ಎಂದೇ ಹಾಗೆ ಮಾಡಿದರು ಅಂತ ಆ ಕಡೆಯ ಜನ ಇವತ್ತಿಗೂ ಹೇಳುತ್ತಾರೆ. ಡೋರ್ಫ್ಲಿಂಗೆನ್ ಕೈಬಿಟ್ಟ ಆ ದಿನ ಬ್ಯೂಸಿಂಗೆನ್ ಸುತ್ತ ಗೆರೆ ಕೂಡಿಕೊಂಡಿತು. ಒಬ್ಬನ ಅಪಹರಣಕ್ಕೆ ಒಂದು ಊರು ಇಷ್ಟು ಕಾಲ ಬೆಲೆ ಕೊಡಬೇಕಾಯಿತಲ್ಲ ಎಂದು ನನಗೆ ಈ ಭಾಗ ಬರೆಯುವಾಗೆಲ್ಲ ಸಂಕಟವಾಗುತ್ತದೆ.

ಆಸ್ಟ್ರಿಯಾದ ಊರು ಜರ್ಮನಿಯ ಪಾಲಾದದ್ದು ಹೇಗೆ?

ನೆಪೋಲಿಯನ್ ಕೈವಾಡ. ಅವನ ಮುಂದೆ ಸೋತ ಆಸ್ಟ್ರಿಯಾ 1805ರ ಪ್ರೆಸ್‌ಬುರ್ಗ್ ಒಪ್ಪಂದದಲ್ಲಿ ಈ ಭಾಗದ ನೆಲವನ್ನೆಲ್ಲ ಬಿಟ್ಟುಕೊಟ್ಟಿತು. ಬ್ಯೂಸಿಂಗೆನ್ ಮೊದಲು ವ್ಯೂರ್ಟೆಂಬೆರ್ಗ್‌ಗೆ ಹೋಯಿತು, 1810ರಲ್ಲಿ ಬಾಡನ್ ಸಂಸ್ಥಾನಕ್ಕೆ. 1871ರಲ್ಲಿ ಬಾಡನ್ ಜರ್ಮನ್ ಸಾಮ್ರಾಜ್ಯದ ಭಾಗವಾದಾಗ ಹಳ್ಳಿಯೂ ಜರ್ಮನಿಯದಾಯಿತು. ಇಷ್ಟು ಸಲ ಕೈ ಬದಲಾದರೂ ಊರಿನವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರು ಸಂತೆಗೆ ಹೋಗುತ್ತಿದ್ದದ್ದು ಆಗಲೂ ಶಾಫ್‌ಹೌಸೆನ್‌ಗೇ.

1849ರಲ್ಲಿ ಇಲ್ಲಿ ಯುದ್ಧ ಆಗುವುದರಲ್ಲಿತ್ತಂತೆ, ನಿಜವೇ?

ಹೌದು. ಆ ವರ್ಷ ಬಾಡನ್‌ನಲ್ಲಿ ಪ್ರಜಾಪ್ರಭುತ್ವ ಬೇಕೆಂದು ದಂಗೆ ಎದ್ದಿತ್ತು. ಅದನ್ನು ತುಳಿಯಲು ಬೇರೆ ಬೇರೆ ಜರ್ಮನ್ ಸಂಸ್ಥಾನಗಳ ಸೈನ್ಯ ಬಂದಿತ್ತು. ಜುಲೈ 21ರಂದು ಹೆಸ್ಸೆ ಸಂಸ್ಥಾನದ ಸುಮಾರು 170 ಸೈನಿಕರು ಕೊನ್‌ಸ್ಟಾಂಜ್‌ನಿಂದ ಉಗಿಹಡಗು ಹತ್ತಿ ರೈನ್ ನದಿಯಲ್ಲಿ ಇಳಿದು ಬಂದರು. ದಂಗೆಕೋರರನ್ನು ಹಿಡಿಯಲು ಬ್ಯೂಸಿಂಗೆನ್‌ಗೆ ನುಗ್ಗಿದರು.

ಎಡವಟ್ಟು ಆದದ್ದು ಅಲ್ಲೇ. ಬರುವ ದಾರಿಯಲ್ಲಿ ನದಿ ಸ್ವಿಸ್ ನೆಲವನ್ನು ಹಾಯುತ್ತದೆ. ಅವರು ಅನುಮತಿ ಕೇಳಿರಲಿಲ್ಲ. ಸ್ವಿಟ್ಜರ್ಲೆಂಡ್ ಒಕ್ಕೂಟ ಹೊಸ ಸಂವಿಧಾನದಡಿ ಕಣ್ಣು ಬಿಟ್ಟು ಆಗಷ್ಟೇ ಒಂದು ವರ್ಷವಾಗಿತ್ತು. ಎಳೆಯ ಸರ್ಕಾರ, ಆದರೂ ಸುಮ್ನೆ ಕೂರಲಿಲ್ಲ. ವಾಪಸ್ ಹೋಗುವ ದಾರಿ ಮುಚ್ಚಿತು. 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕರೆಸಿ ಜನರಲ್ ದ್ಯುಫೂರ್ ಕೈಗೆ ಒಪ್ಪಿಸಿತು. 170 ಜನ ಹಳ್ಳಿಯೊಳಗೆ ಸಿಕ್ಕಿಬಿದ್ದರು, ಹಿಂದೆ ಹೋಗುವ ಹಾಗಿಲ್ಲ, ಮುಂದೆ ಬರುವ ಹಾಗಿಲ್ಲ. ಸುಮಾರು ಹತ್ತು ದಿನ ಮಾತುಕತೆ ನಡೆಯಿತು. ಕೊನೆಗೆ ಸ್ವಿಸ್ ಕಾವಲಿನಲ್ಲಿ ಅವರನ್ನು ಗಡಿಯಾಚೆ ಬಿಟ್ಟರು. ಗುಂಡು ಹಾರಲಿಲ್ಲ. ಒಂದು ಪುಟ್ಟ ಹಳ್ಳಿಯ ಕಾರಣಕ್ಕೆ ಎರಡು ಕಡೆಯೂ ಇಷ್ಟು ಸೈನ್ಯ ನಿಂತದ್ದು, ಒಂದು ಹನಿ ರಕ್ತವಿಲ್ಲದೆ ಮುಗಿದದ್ದು, ಎರಡೂ ದೊಡ್ಡ ಮಾತೇ.

ಊರಿನವರಿಗೆ ಸ್ವಿಟ್ಜರ್ಲೆಂಡ್ ಸೇರುವ ಆಸೆ ಇರಲಿಲ್ಲವೇ?

ಇತ್ತು, ಬಾಯಿಬಿಟ್ಟು ಹೇಳಿದ್ದಾರೆ ಕೂಡ. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೆ, 1918ರಲ್ಲಿ, ಊರಿನಲ್ಲಿ ಮತದಾನ ನಡೆಯಿತು. ಮತ ಹಾಕಿದವರಲ್ಲಿ ನೂರಕ್ಕೆ 96 ಜನ ಸ್ವಿಟ್ಜರ್ಲೆಂಡ್ ಬೇಕು ಅಂದರು.

ಆದರೂ ಆಗಲಿಲ್ಲ. ಜರ್ಮನಿ ಸುಮ್ನೆ ನೆಲ ಕೊಡಲು ತಯಾರಿರಲಿಲ್ಲ, ಬದಲಿಗೆ ಅಷ್ಟೇ ನೆಲ ಬೇಕಿತ್ತು. ಸ್ವಿಟ್ಜರ್ಲೆಂಡ್ ಹತ್ತಿರ ಕೊಡಲು ತಕ್ಕ ಜಾಗ ಇರಲಿಲ್ಲ. ನೂರಕ್ಕೆ 96! ಇದಕ್ಕಿಂತ ಸ್ಪಷ್ಟವಾಗಿ ಒಂದು ಊರು ಇನ್ನು ಹೇಗೆ ತಾನೇ ಹೇಳಬೇಕು? ಈ ಊರಿನ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಅನ್ಯಾಯ ಇದೇ ಎಂದು ನಾನು ತಿಳಿದಿದ್ದೇನೆ. ಅಪಹರಣ ಒಬ್ಬನಿಗೆ ಆದದ್ದು, ಇದು ಊರಿಗೇ ಆದದ್ದು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಏನು ನಡೆಯಿತು?

ಸ್ವಿಟ್ಜರ್ಲೆಂಡ್ ಯಾರ ಪಕ್ಷವನ್ನೂ ವಹಿಸದೆ ದೂರ ಉಳಿದಿತ್ತು. ಬ್ಯೂಸಿಂಗೆನ್ ಗಂಡಸರು ಮಾತ್ರ ಜರ್ಮನ್ ಸೈನ್ಯಕ್ಕೆ ಹೋಗಲೇಬೇಕಿತ್ತು. ಹಾಗಾದರೆ ರಜೆ ಸಿಕ್ಕಾಗ ಮನೆಗೆ ಬರುವುದು ಹೇಗೆ? ನಡುವೆ ಸ್ವಿಸ್ ನೆಲ ಇದೆಯಲ್ಲ. ಗೈಲಿಂಗೆನ್ ಎಂಬ ಜರ್ಮನ್ ಗಡಿ ಊರಿನ ಠಾಣೆಯಲ್ಲಿ ಬಂದೂಕು ಇಡಬೇಕಿತ್ತು. ಸ್ವಿಸ್ ಕಾವಲಿನವರು ಅವರಿಗೆ ಒಂದು ಉದ್ದನೆಯ ಕೋಟು ಕೊಡುತ್ತಿದ್ದರು, ಸಮವಸ್ತ್ರ ಕಾಣಬಾರದು ಅಂತ. ಅದನ್ನು ಹೊದ್ದು ಡೋರ್ಫ್ಲಿಂಗೆನ್ ದಾಟಿ, ಸುಮಾರು ಇಪ್ಪತ್ತು ನಿಮಿಷ ನಡೆದು ಮನೆ ಸೇರುತ್ತಿದ್ದರು.

ಮನೆಯಲ್ಲಿ ಕಾಯುತ್ತಿದ್ದ ಅಮ್ಮಂದಿರು ಆ ಕೋಟುಗಳನ್ನು ದೂರದಿಂದ ಕಂಡಾಗ ಏನನ್ನಿಸಿರಬಹುದು ಎಂದು ಯೋಚಿಸುತ್ತೇನೆ.

ಈ ಗೊಂದಲ ಕೊನೆಗೆ ಹೇಗೆ ಬಗೆಹರಿಯಿತು?

ಗಡಿ ಬದಲಾಗಲಿಲ್ಲ, ಗಡಿಯ ಅರ್ಥ ಬದಲಾಯಿತು. 1956ರಲ್ಲಿ ಪಶ್ಚಿಮ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಮಾತುಕತೆಗೆ ಕೂತವು. 1964ರ ನವೆಂಬರ್ 23ರಂದು ಒಪ್ಪಂದಕ್ಕೆ ಸಹಿ ಬಿತ್ತು. ಜಾರಿಗೆ ಬಂದದ್ದು 1967ರ ಅಕ್ಟೋಬರ್ 4ರಂದು.

ಒಪ್ಪಂದದ ತಿರುಳು ಸರಳ. ಊರು ಜರ್ಮನಿಯದೇ. ಪೌರತ್ವ, ಮತದಾನ, ಆದಾಯ ತೆರಿಗೆ, ಅಪರಾಧ ಕಾನೂನು ಎಲ್ಲ ಜರ್ಮನಿಯದು. ಆದರೆ ವ್ಯಾಪಾರ, ಸುಂಕದ ವಿಷಯದಲ್ಲಿ ಇದು ಸ್ವಿಟ್ಜರ್ಲೆಂಡ್. ಹಾಗಾಗಿ ಶಾಫ್‌ಹೌಸೆನ್‌ನಿಂದ ಊರಿಗೆ ಬರುವಾಗ ಕಸ್ಟಮ್ಸ್ ತಪಾಸಣೆ ಇಲ್ಲ. ಬೆಳೆದ ತರಕಾರಿ, ಕರೆದ ಹಾಲು ಸ್ವಿಸ್ ಮಾರುಕಟ್ಟೆಗೆ ಸಲೀಸಾಗಿ ಹೋಗುತ್ತದೆ. ಕೃಷಿಗೂ ಅನ್ವಯ ಆಗುವುದು ಸ್ವಿಸ್ ನಿಯಮವೇ. ಜರ್ಮನಿ ಯೂರೋಪಿಯನ್ ಒಕ್ಕೂಟದಲ್ಲಿದೆ, ಬ್ಯೂಸಿಂಗೆನ್ ಕೂಡ ಇದೆ. ಆದರೆ ಒಕ್ಕೂಟದ ಸುಂಕದ ಬೇಲಿಯಿಂದ ಹೊರಗಿದೆ.

ನೆಲ ಕೊಡದೆಯೂ ಜನರ ಬದುಕು ಸುಲಭ ಮಾಡಬಹುದು ಎಂದು ಎರಡು ಸರ್ಕಾರಗಳು ಕೂತು ಯೋಚಿಸಿದವಲ್ಲ, ಅದು ನನಗೆ ತುಂಬಾ ಇಷ್ಟವಾದ ಸಂಗತಿ. ತಡವಾಯಿತು, ನಿಜ.

ಅದೇ ಒಪ್ಪಂದದಲ್ಲಿ ಬೇರೆ ಯಾವ ಊರಾದರೂ ಕೈ ಬದಲಾಯಿತೇ?

ವೆರೇನಾಹೋಫ್. ಅದೂ ಸ್ವಿಸ್ ನೆಲದ ನಡುವೆ ಇದ್ದ ಜರ್ಮನ್ ತುಂಡು. ಮೂರೇ ಮನೆ, ಹನ್ನೊಂದು ಜನ. ಬದಲಿಗೆ ಅಷ್ಟೇ ನೆಲ ಪಡೆದು ಜರ್ಮನಿ ಅದನ್ನು ಬಿಟ್ಟುಕೊಟ್ಟಿತು. ಹೀಗೆ 1967ರಲ್ಲಿ ವೆರೇನಾಹೋಫ್ ಸ್ವಿಸ್ ಆಯಿತು. ಆ ಹನ್ನೊಂದು ಜನರಿಗೆ ಸಿಕ್ಕಿದ್ದು ಬ್ಯೂಸಿಂಗೆನ್‌ಗೆ ಸಿಗಲಿಲ್ಲ.

ಅಂಗಡಿಯಲ್ಲಿ ಯಾವ ದುಡ್ಡು ಕೊಡಬೇಕು?

ಕಾನೂನಿನ ಪ್ರಕಾರ ಯೂರೋ. ದಿನದ ಬಳಕೆಯಲ್ಲಿ ಸ್ವಿಸ್ ಫ್ರಾಂಕ್ ಜಾಸ್ತಿ. ಊರಿನ ಬಹಳ ಜನ ಸ್ವಿಟ್ಜರ್ಲೆಂಡಿನಲ್ಲಿ ದುಡಿಯುತ್ತಾರೆ, ಸಂಬಳ ಫ್ರಾಂಕ್‌ನಲ್ಲೇ ಬರುತ್ತದೆ. ಹಿಂದೆ ಜರ್ಮನ್ ಮಾರ್ಕ್ ಇದ್ದ ಕಾಲದಲ್ಲಿ ಇಲ್ಲಿನ ಜರ್ಮನ್ ಅಂಚೆ ಕಚೇರಿಯಲ್ಲೂ ಅಂಚೆಚೀಟಿಗೆ ಫ್ರಾಂಕ್ ಕೊಡಬೇಕಿತ್ತಂತೆ, 1980ರ ದಶಕದವರೆಗೂ.

ಪಿನ್ ಕೋಡ್ ಎರಡು ಇವೆಯಂತೆ?

ಎರಡು. ಜರ್ಮನಿಯದು 78266, ಸ್ವಿಟ್ಜರ್ಲೆಂಡಿನದು 8238. ಯಾವುದನ್ನು ಬರೆದರೂ ಕಾಗದ ತಲುಪುತ್ತದೆ. ಊರಿನಿಂದ ಕಾಗದ ಹಾಕುವವರು ಎರಡರಲ್ಲಿ ಯಾವ ದೇಶದ ಅಂಚೆಚೀಟಿಯನ್ನಾದರೂ ಅಂಟಿಸಬಹುದು. ಫೋನ್ ನಂಬರೂ ಹಾಗೆಯೇ, ಜರ್ಮನ್ ನಂಬರ್ ಇಟ್ಟುಕೊಳ್ಳಬಹುದು, ಸ್ವಿಸ್ ನಂಬರೂ ಇಟ್ಟುಕೊಳ್ಳಬಹುದು. ಮೊದಲು ಎರಡು ದೇಶದ ಫೋನ್ ಬೂತ್‌ಗಳು ಅಕ್ಕಪಕ್ಕದಲ್ಲೇ ನಿಂತಿದ್ದವು.

ವಾಹನಗಳಿಗೆ ಬೇರೆಯದೇ ನಂಬರ್ ಪ್ಲೇಟ್ ಇದೆ. ಕೊನ್‌ಸ್ಟಾಂಜ್ ಜಿಲ್ಲೆಯ ಬೇರೆ ಕಾರುಗಳ ಮೇಲೆ 'ಕೆಎನ್' ಇದ್ದರೆ ಇಲ್ಲಿಯವುಗಳ ಮೇಲೆ ಊರಿನ ಹೆಸರಿನ ಮೊದಲ ಮೂರು ಅಕ್ಷರ, 'ಬಿಯುಎಸ್'. ನಡುವಿನ 'ಯು' ಅಕ್ಷರದ ತಲೆಯ ಮೇಲೆ ಎರಡು ಚುಕ್ಕೆ. ಸ್ವಿಸ್ ಕಸ್ಟಮ್ಸ್‌ನವರು ಒಂದೇ ನೋಟಕ್ಕೆ ಗುರುತು ಹಿಡಿಯಲಿ ಎಂದು ಈ ಏರ್ಪಾಡು. ಇಡೀ ಜರ್ಮನಿಯಲ್ಲಿ ಅತಿ ಅಪರೂಪದ ಪ್ಲೇಟ್‌ಗಳಲ್ಲಿ ಇದೂ ಒಂದು.

ಕಳ್ಳತನ ಆದರೆ ಯಾವ ಪೊಲೀಸರು ಬರುತ್ತಾರೆ?

ಮುಖ್ಯ ಜವಾಬ್ದಾರಿ ಜರ್ಮನ್ ಪೊಲೀಸರದು. ಆದರೆ ಸ್ವಿಸ್ ಪೊಲೀಸರಿಗೂ ಊರೊಳಗೆ ಬಂದು ಆರೋಪಿಯನ್ನು ಹಿಡಿಯುವ ಅಧಿಕಾರ ಇದೆ. ಒಪ್ಪಂದದಲ್ಲಿ ತಲೆಲೆಕ್ಕ ಕೂಡ ಹಾಕಿಟ್ಟಿದ್ದಾರೆ: ಒಂದೇ ಹೊತ್ತಿಗೆ ಹತ್ತಕ್ಕಿಂತ ಹೆಚ್ಚು ಸ್ವಿಸ್ ಪೊಲೀಸರು ಇರುವ ಹಾಗಿಲ್ಲ, ನೂರು ಜನ ನಿವಾಸಿಗಳಿಗೆ ಮೂರಕ್ಕಿಂತ ಹೆಚ್ಚು ಜರ್ಮನ್ ಪೊಲೀಸರು ಇರುವ ಹಾಗಿಲ್ಲ. 1849ರ ನೆನಪು ಇರುವವರಿಗೆ ಈ ಎಚ್ಚರ ಅರ್ಥವಾಗುತ್ತದೆ.

ಕಂಪ್ಯೂಟರಿನಲ್ಲಿ ಈ ಊರಿಗೆ ಬೇರೆ ಸಮಯ ವಲಯ ಯಾಕಿದೆ?

ಸಾಫ್ಟ್‌ವೇರ್ ಕೆಲಸದವರು ಕೇಳುವ ಪ್ರಶ್ನೆ. ಸಮಯ ವಲಯಗಳ ಪಟ್ಟಿಯಲ್ಲಿ 'ಯೂರೋಪ್/ಬುಸಿಂಗೆನ್' ಎಂಬ ಹೆಸರನ್ನು ನೀವೂ ನೋಡಿರಬಹುದು. 1980ರಲ್ಲಿ ಪಶ್ಚಿಮ ಜರ್ಮನಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಶುರುಮಾಡಿತು. ಸ್ವಿಟ್ಜರ್ಲೆಂಡ್ ಆ ವರ್ಷ ಒಪ್ಪಲಿಲ್ಲ. ಬ್ಯೂಸಿಂಗೆನ್ ಜನ ಏನು ಮಾಡಬೇಕು? ಕೆಲಸ, ಬಸ್ಸು, ಅಂಗಡಿ ಎಲ್ಲ ಶಾಫ್‌ಹೌಸೆನ್ ಗಡಿಯಾರದ ಹಾಗೆ ನಡೆಯುವಾಗ ದೂರದ ರಾಜಧಾನಿಯ ಗಂಟೆ ಕಟ್ಟಿಕೊಂಡು ಏನಾಗಬೇಕು? ಸ್ವಿಸ್ ಸಮಯವನ್ನೇ ಇಟ್ಟುಕೊಂಡರು. ಮರುವರ್ಷ ಸ್ವಿಟ್ಜರ್ಲೆಂಡ್ ಕೂಡ ಬದಲಾಯಿತು, ಆಮೇಲೆ ಎರಡೂ ಒಂದೇ. ಆ ಒಂದು ಬೇಸಿಗೆಯ ಲೆಕ್ಕ ತಪ್ಪಬಾರದು ಎಂದು 2013ರಲ್ಲಿ ಊರಿನ ಹೆಸರು ಪಟ್ಟಿಗೆ ಸೇರಿತು.

ಮಕ್ಕಳ ಶಾಲೆ, ಆಟ?

ಪ್ರಾಥಮಿಕ ಶಾಲೆ ಊರಿನಲ್ಲೇ ಇದೆ. ಮುಂದಿನ ಓದಿಗೆ ಸ್ವಿಸ್ ಶಾಲೆಗೂ ಹೋಗಬಹುದು, ಜರ್ಮನ್ ಶಾಲೆಗೂ ಹೋಗಬಹುದು, ಮನೆಯವರ ಇಷ್ಟ. ಊರಿನ ಫುಟ್‌ಬಾಲ್ ತಂಡ ಎಫ್‌ಸಿ ಬ್ಯೂಸಿಂಗೆನ್ ಆಡುವುದು ಸ್ವಿಸ್ ಲೀಗ್‌ನಲ್ಲಿ. ಹಾಗೆ ಆಡುವ ಜರ್ಮನ್ ತಂಡ ಇದೊಂದೇ.

ಎರಡೂ ಕಡೆಯ ಅನುಕೂಲ ಇದ್ದರೆ ಜನ ಸುಖವಾಗಿರಬೇಕಲ್ಲ?

ಹೊರಗಿನಿಂದ ಹಾಗೆ ಕಾಣುತ್ತದೆ. ಒಳಗಿನ ತೊಡಕು ತೆರಿಗೆಯದು. ಸ್ವಿಟ್ಜರ್ಲೆಂಡಿನಲ್ಲಿ ಆದಾಯ ತೆರಿಗೆ ಕಡಿಮೆ, ಖರ್ಚು ಜಾಸ್ತಿ. ಜರ್ಮನಿಯಲ್ಲಿ ತೆರಿಗೆ ಜಾಸ್ತಿ, ಖರ್ಚು ಕಡಿಮೆ. ಬ್ಯೂಸಿಂಗೆನ್‌ನವರಿಗೆ ಜರ್ಮನ್ ತೆರಿಗೆಯೂ ಬಂತು, ಸ್ವಿಸ್ ಖರ್ಚೂ ಬಂತು. ಜರ್ಮನ್ ಸರ್ಕಾರ ಇವರಿಗೆಂದೇ ಸ್ವಲ್ಪ ತೆರಿಗೆ ವಿನಾಯಿತಿ ಕೊಟ್ಟಿದೆ, ಆದರೂ ಭಾರ ಪೂರ್ತಿ ಇಳಿದಿಲ್ಲ. ದುಡಿಯುವ ವಯಸ್ಸಿನವರು ಎರಡು ಹೆಜ್ಜೆ ಆಚೆ, ಸ್ವಿಸ್ ಊರಿಗೆ ಮನೆ ಬದಲಾಯಿಸಿದರೆ ಸಾಕು, ಕೈಯಲ್ಲಿ ಹೆಚ್ಚು ದುಡ್ಡು ಉಳಿಯುತ್ತದೆ. ಬಹಳ ಜನ ಹಾಗೆ ಹೋಗಿದ್ದಾರೆ. ಹೀಗಾಗಿ ಊರಿನಲ್ಲಿ ವಯಸ್ಸಾದವರು ಜಾಸ್ತಿ. ಗಡಿ ಅನ್ನುವುದು ಬೇಲಿ, ಕಾವಲು ಇಲ್ಲದೆಯೂ ನೋಯಿಸುತ್ತದೆ. ಮಕ್ಕಳು ಪಕ್ಕದ ಊರಿನಲ್ಲೇ ಇದ್ದರೂ ಹಳೆಯ ಮನೆಗಳಿಗೆ ಬೀಗ ಬೀಳುವುದನ್ನು ನೋಡುವುದು ಕಷ್ಟ.

ಪ್ರಪಂಚದಲ್ಲಿ ಇಂಥ ಊರು ಬೇರೆ ಇವೆಯೇ?

ಇವೆ. ಸ್ವಿಟ್ಜರ್ಲೆಂಡಿನೊಳಗೇ ಇಟಲಿಯ ಕಂಪಿಯೋನೆ ಎಂಬ ಊರಿದೆ. ಅದೂ ಬಹಳ ಕಾಲ ಸ್ವಿಸ್ ಸುಂಕದ ವಲಯದಲ್ಲಿತ್ತು, 2020ರ ಜನವರಿ 1ರಿಂದ ಯೂರೋಪಿಯನ್ ಒಕ್ಕೂಟದ ಸುಂಕಕ್ಕೆ ಸೇರಿತು.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಕೂಚ್ ಬಿಹಾರದ ಕಡೆ ನೋಡಿ. ಬಾಂಗ್ಲಾದೇಶದೊಳಗೆ ಭಾರತದ 111 ತುಂಡುಗಳು, ಭಾರತದೊಳಗೆ ಅವರ 51 ತುಂಡುಗಳು ಇದ್ದವು. ಅಲ್ಲಿನ ಜನರಿಗೆ ಶಾಲೆ, ಕರೆಂಟು, ಗುರುತಿನ ಚೀಟಿ ಎಲ್ಲಕ್ಕೂ ಪರದಾಟ. 2015ರ ಜುಲೈ 31ರ ಮಧ್ಯರಾತ್ರಿ ಎರಡು ದೇಶಗಳೂ ಅವನ್ನು ಅದಲುಬದಲು ಮಾಡಿಕೊಂಡವು. ಯಾವ ದೇಶದ ಪೌರರಾಗಬೇಕೆಂದು ಜನರೇ ಆರಿಸಿಕೊಂಡರು. 1918ರಲ್ಲಿ ಬ್ಯೂಸಿಂಗೆನ್ ಜನ ಕೇಳಿದ್ದೂ ಇದನ್ನೇ ಅಲ್ವಾ?

ನೋಡಲು ಹೋಗಬಹುದೇ? ವೀಸಾ ಏನು ಬೇಕು?

ಖಂಡಿತ ಹೋಗಬಹುದು. ಎರಡು ದೇಶಗಳೂ ಶೆಂಗೆನ್ ಒಪ್ಪಂದದಲ್ಲಿವೆ, ಒಂದೇ ಶೆಂಗೆನ್ ವೀಸಾ ಸಾಕು. ಪಾಸ್‌ಪೋರ್ಟ್ ಕೈಯಲ್ಲಿರಲಿ. ಜರ್ಮನಿ ಕಡೆಯಿಂದ ಹೆಚ್ಚು ಸಾಮಾನು ಹೊತ್ತು ಹೋದರೆ ಸ್ವಿಸ್ ಕಸ್ಟಮ್ಸ್ ನಿಯಮ ಅನ್ವಯಿಸುತ್ತದೆ, ಅದು ನೆನಪಿರಲಿ.

ರೈಲಿನಲ್ಲಿ ಶಾಫ್‌ಹೌಸೆನ್ ತನಕ ಹೋಗಿ, ಅಲ್ಲಿಂದ ಬಸ್ಸು ಹಿಡಿಯಿರಿ. ಊರು ಕೆಲವೇ ಕಿಲೋಮೀಟರ್. ಕಾಲಿನಲ್ಲಿ ಶಕ್ತಿ ಇದ್ದರೆ ನದಿಯ ದಡ ಹಿಡಿದು ನಡೆದೇ ಹೋಗಿ. ಗಡಿ ಎಲ್ಲಿ ದಾಟಿದೆ ಎಂದು ತಿಳಿಯುವುದೇ ಇಲ್ಲ, ಗಡಿಕಲ್ಲು ಹುಡುಕಬೇಕು. ದಾರಿಯಲ್ಲಿ ಒಂದು ಹೋಟೆಲಿನ ಜಗುಲಿಯ ಮೇಲೆ ಗಡಿರೇಖೆ ಎಳೆದಿದ್ದಾರೆ, ಒಂದು ಮೇಜು ಆ ದೇಶ, ಪಕ್ಕದ ಮೇಜು ಈ ದೇಶ. ಊರಿನ ಆಚೆ ಗುಡ್ಡದ ಮೇಲೆ ಸಂತ ಮೈಕಲ್ ಹೆಸರಿನ ಹಳೆಯ ಚರ್ಚ್ ಇದೆ. ಅದರ ಅಂಗಳದಿಂದ ರೈನ್ ನದಿ ಚೆನ್ನಾಗಿ ಕಾಣುತ್ತದೆ. ಆಚೆ ದಡ ಸ್ವಿಟ್ಜರ್ಲೆಂಡ್, ಎಡಕ್ಕೂ ಬಲಕ್ಕೂ ಸ್ವಿಟ್ಜರ್ಲೆಂಡ್. ಬೆಳಗ್ಗೆ ಬೇಗ ಹೋದರೆ ಶಾಫ್‌ಹೌಸೆನ್ ಕಡೆ ಕೆಲಸಕ್ಕೆ ಹೊರಟ ಕಾರುಗಳ ಸಾಲು ಕೆಳಗಿನ ರಸ್ತೆಯಲ್ಲಿ ಸಿಗುತ್ತದೆ.